ಮೀಸಲು ಎಂಬ ಮಾತು

ಬೆಳಿಗ್ಗೆ ಹತ್ತರವರೆಗೆ ಬಿಳಿ ಲೇಬಲ್ಲು:
ಬರೀ ಶಿರಾಜ್, ಬರೀ ವರ್ಷ.
ಚಹಾ ಮುಗಿಸಿ ಬಂದರೆ ರೀಲು ಬದಲು.
ಕೆನೆ ಬಣ್ಣದ ಕಾಗದ, ಬೆರಳಿಗೆ ತಡೆಯುವ ಉಬ್ಬಕ್ಷರ,
ಚಿನ್ನದಲ್ಲಿ ಒಂದೇ ಪದ: ರಿಸರ್ವ್.

ತೊಟ್ಟಿ ಹನ್ನೊಂದು ಬದಲಾಗಲಿಲ್ಲ.
ಅದೇ ಕೊಳವೆ, ಅದೇ ಕೆಂಪು.
ಬಾಟಲಿ ಮಾತ್ರ ಒಂದು ಹಿಡಿ ಭಾರ,
ತಳದ ಗುಳಿ ಹೆಬ್ಬೆರಳು ಮುಳುಗುವಷ್ಟು ಆಳ,
ಬೆಲೆ ಎರಡೂವರೆ ಪಟ್ಟು.

ನೂರಿಯೂಟ್ಪಾದ ಆಚೆಯ ಈ ತಗಡಿನ ಶೆಡ್ಡಿನಲ್ಲಿ
ಹತ್ತೊಂಬತ್ತು ವರ್ಷದಿಂದ ಅಂಟಿಸುವವಳು ನಾನು.
ಅಂಟಿಸುವುದು ಯಂತ್ರವೇ, ನಿಜ.
ಸೊಟ್ಟಗಾದದ್ದನ್ನು ಕಿತ್ತು ನೆಟ್ಟಗೆ ಮಾಡುವುದು ನನ್ನ ಕೆಲಸ,
ಮಾತಿನ ಸೊಟ್ಟಲ್ಲ, ಕಾಗದದ್ದು.

ಲೊಗ್ರೋನ್ಯೊ ಕಡೆಯ ಹುಡುಗಿ ನೆರೇಯಾ,
ಬೆನ್ನುಚೀಲ ಹೊತ್ತು ಆರು ತಿಂಗಳಿಗೆ ಬಂದವಳು, ಕೇಳಿದಳು:
"ಇದು ಪೀಪಾಯಿಯಲ್ಲಿ ಎಷ್ಟು ಕಾಲ ಮಲಗಿತ್ತು?
ನಮ್ಮಲ್ಲಿ ಈ ಪದಕ್ಕೆ ಮೂರು ವರ್ಷ ಬೇಕು,
ಅದರಲ್ಲೊಂದು ಮರದ ಹೊಟ್ಟೆಯಲ್ಲಿ.
ಇಲ್ಲಿ?"
"ಇಲ್ಲಿ," ಎಂದೆ, "ಚಹಾ ಕುಡಿಯುವಷ್ಟು ಹೊತ್ತು."

ನಗಲಿಲ್ಲ ಅವಳು. ಹಾಗಾಗಿ ಬಿಡಿಸಿ ಹೇಳಬೇಕಾಯಿತು:
ಹಣ್ಣಿನ ಜಾತಿ, ಊರು, ವರ್ಷ,
ಈ ಮೂರಕ್ಕೆ ಕಾಯಿದೆಯ ಕಾವಲು.
ಅದೂ ನೂರಕ್ಕೆ ಎಂಬತ್ತೈದು ಸತ್ಯವಾದರೆ ಸಾಕು,
ಉಳಿದ ಹದಿನೈದು ನೆಂಟರಿಷ್ಟರು.
ಹಸೀ ಸುಳ್ಳು ಬರೆಯುವಂತಿಲ್ಲ, ಸರಿ.
ಆದರೆ ರಿಸರ್ವ್ ಅನ್ನುವುದು ಸುಳ್ಳೂ ಅಲ್ಲವಲ್ಲ,
ಹೇಳೋರು ಕೇಳೋರು ಇಲ್ಲದ ಪದ.
ಬೇಲಿಯಿಲ್ಲದ ಹೊಲಕ್ಕೆ ಯಾರ ದನವೂ ಇಳಿದೀತು.

ನಮ್ಮ ಬಿನ್ ಎಪ್ಪತ್ಮೂರನ್ನೇ ನೋಡು.
ನೆಲಮಾಳಿಗೆಯ ಗೂಡಿನ ಸಂಖ್ಯೆ ಎಂದುಕೊಳ್ಳುತ್ತಾರೆ ಕೊಳ್ಳುವವರು.
ಈ ಶೆಡ್ಡಿಗೆ ನೆಲಮಾಳಿಗೆಯೇ ಇಲ್ಲ.
ಅದು ಮಾಲೀಕರ ಅತ್ತೆಮನೆಯ ಬಾಗಿಲ ನಂಬರು.
'ವೈನ್ ತಯಾರಕನ ಆಯ್ಕೆ' ಇನ್ನೂ ಚೆಂದ:
ಆತ ಆಯ್ದುಕೊಂಡದ್ದು, ಸುಗ್ಗಿಯ ನಟ್ಟನಡುವೆ
ಕೆಲಸ ಬಿಟ್ಟು ಟಾಸ್ಮೇನಿಯಾಕ್ಕೆ ಹೋಗುವುದನ್ನು.

ಮೂರು ಗಂಟೆಗೆ ಚಿನ್ನದ ರೀಲು ಮುಗಿಯಿತು.
ಹದಿನಾರು ಬಾಟಲಿ ಬರಿಮೈಯಲ್ಲಿ ಉಳಿದವು,
ಹೆಸರಿಲ್ಲ, ಊರಿಲ್ಲ, ವರ್ಷವಿಲ್ಲ.
ಅಂಥವು ಕೆಲಸದವರಿಗೆ, ಒಂದಕ್ಕೆ ನಾಲ್ಕು ಡಾಲರು.
ಒಂದನ್ನು ಕೊಂಡು, ಕಿತ್ತ ಸೊಟ್ಟ ಲೇಬಲ್ಲೊಂದನ್ನು ಜೇಬಿಗಿಳಿಸಿ
ಹುಲ್ಡಾ ಗೆರ್ಶಳ ಮನೆಗೆ ಹೋದೆ.

ತೊಂಬತ್ತೊಂದು ಅವಳಿಗೆ. ಬಳ್ಳಿಗಳಿಗೆ ಇನ್ನೂ ಹೆಚ್ಚು;
ಮುತ್ತಜ್ಜ ಸೈಲೀಶಿಯಾದಿಂದ ಬಂದು ನೆಟ್ಟದ್ದು.
ಒಂದೊಂದೂ ಒಂದೊಂದು ಕಡೆಗೆ ಮುಖ ತಿರುಗಿಸಿ ನಿಂತಿವೆ
ಮಾತು ಬಿಟ್ಟ ದಾಯಾದಿಗಳ ಹಾಗೆ.
ಆ ಹಣ್ಣು ಟನ್ನಿನ ಲೆಕ್ಕದಲ್ಲಿ ಲಾರಿಗೆ ಬಿದ್ದು
ತೊಟ್ಟಿ ಹನ್ನೊಂದರಲ್ಲಿ ಬೆರೆತುಹೋಗುತ್ತದೆ.
'ಹಳೆಯ ಬಳ್ಳಿ' ಎಂಬ ಪದ ಬೇರೊಂದು ಬಾಟಲಿಗೆ ಸಿಕ್ಕಿದೆ,
ನನ್ನ ಮಗಳಿಗಿಂತ ಚಿಕ್ಕ ಬಳ್ಳಿಗಳದಕ್ಕೆ.

ಗುಟುಕನ್ನು ಬಾಯಲ್ಲಿ ತಿರುಗಿಸಿ, ನುಂಗಿ, ಹೇಳಿದಳು:
"ಕೆರೆ ಕಡೆಯ ಮೂರನೇ ಸಾಲು ಇದೆ ಇದರಲ್ಲಿ.
ಎರಡು ದಿನ ತಡವಾಗಿ ಕೊಯ್ದಿದ್ದಾರೆ, ಕತ್ತೆಗಳು."
ಇದು ಯಾವ ಲೇಬಲ್ಲಿನಲ್ಲೂ ಇರಲಿಲ್ಲ.

ಆಮೇಲೆ ಕನ್ನಡಕ ಹಾಕಿಕೊಂಡು
ಚಿನ್ನದ ಪದವನ್ನು ಉಗುರಲ್ಲಿ ಸವರಿ, ಓದಿ, ಕೇಳಿದಳು:
"ಮೀಸಲು? ಯಾರಿಗೆ?"

ಉತ್ತರಕ್ಕೆ ಕಾಯಲಿಲ್ಲ. ಮೆಟ್ಟಿಲ ಕೆಳಗಿನ
ಪುಟ್ಟ ಬಾಗಿಲು ತೆರೆದು ಟಾರ್ಚ್ ಬಿಟ್ಟಳು.
ಜೇಡರ ಬಲೆಯ ಹಿಂದೆ ಒಂದು ಜಾಡಿ,
ಮೇಣದ ಮುಚ್ಚಳ, ಕೊರಳಿಗೆ ಕಟ್ಟಿದ ರಟ್ಟು,
ಪೆನ್ಸಿಲಿನಲ್ಲಿ ಅವಳಪ್ಪನ ಮೊನಚು ಜರ್ಮನ್ ಅಕ್ಷರ:
ಎಮಿಲನಿಗೆ.
ಓಪಲ್ ಅಗೆಯಲು ಆಂಡಮೂಕಾಕ್ಕೆ ಹೋದ ತಮ್ಮ,
ಅರವತ್ತೊಂದರ ಸುಗ್ಗಿಗೆ ಬರುತ್ತೇನೆಂದವನು.

"ವಿನೆಗರ್ ಆಗಿರುತ್ತದೆ ಇಷ್ಟು ಹೊತ್ತಿಗೆ," ಎಂದಳು,
"ಆದರೂ ಅವನದೇ."

ನಾಳೆ ಬಿಳಿ ರೀಲು ಮೊದಲೋ ಚಿನ್ನದ್ದೋ
ಹಲಗೆಯ ಮೇಲೆ ಬರೆದಿರುತ್ತಾರೆ.
ಏಳುವ ಮುನ್ನ ಆ ಲೇಬಲ್ಲನ್ನು ನಾಲ್ಕಾಗಿ ಮಡಿಸಿ
ಅವಳ ಅಲುಗಾಡುವ ಮೇಜಿನ ಕಾಲಡಿ ತುರುಕಿದೆ.
ಅಂಟು ಇನ್ನೂ ಇತ್ತು.
ಚೆನ್ನಾಗಿ ಹಿಡಿಯಿತು.