ಕತ್ತಲೆಯ ಉದ್ದ

ಎರ್ಸೀಲಿಯಾ ಅಮ್ಮನ ಬೋರ್ಡಿಂಗ್ ಮನೆಯಲ್ಲಿ
ಒಂಬತ್ತು ಕೋಣೆ, ಒಂಬತ್ತು ಟೀವಿ,
ಒಂದೊಂದೂ ಒಂದೊಂದು ಹರಾಜಿನದು.
ರಿಮೋಟು ಮಾತ್ರ ಒಂದೇ ಥರದ್ದಿರಲಿ ಎಂದಳು,
ಸೋವಿಯಲ್ಲಿ ಡಜನ್ ತಂದಿಟ್ಟಿದ್ದಳು.
ಕಳೆದರೆ, ಯಾರದು ಯಾರದೆಂಬ ಜಗಳವಿಲ್ಲ.

ವಾಲ್ಪರೈಸೋದ ಗುಡ್ಡ ಹತ್ತಿದೆ, ಹೆಗಲಿಗೆ ಚೀಲ.
ನೂರಾ ಅರವತ್ತೆರಡು ಮೆಟ್ಟಿಲು.
ಎಣಿಸಿದ್ದು ಕೂಲಿಗೆ ಸೇರಿಸುವುದಕ್ಕೆ.

ಎಂಟು ಕೋಣೆ ಸಲೀಸಾಗಿ ಮುಗಿದವು.
ಪುಸ್ತಿಕೆಯಲ್ಲಿ ಕಂಪನಿಯ ಹೆಸರು, ಎದುರಿಗೆ ನಾಲ್ಕಂಕಿ;
ಒತ್ತಿ ಹಿಡಿ, ಅಂಕಿ ಹಾಕು,
ಕೆಂಪು ದೀಪ ಎರಡು ಸಲ ಕಣ್ಣು ಹೊಡೆದರೆ
ಸಂಬಂಧ ಕುದುರಿತು ಅಂತ ಅರ್ಥ.
ಏಳನೆಯದಕ್ಕೆ ಹೆಸರೇ ಇರಲಿಲ್ಲ.
ಹೆಸರಿದ್ದ ಜಾಗದಲ್ಲಿ ಒಣಗಿದ ಗೋಂದು.

ಏಳರಲ್ಲಿ ಇರುವವರು ಬೌದೀಲಿಯೊ,
ಬಂದರಿನಲ್ಲಿ ಮೂವತ್ತು ವರ್ಷ
ದೀಪದ ರೆಪ್ಪೆ ತೆರೆದು ಮುಚ್ಚಿ
ಹಡಗುಗಳ ಜೊತೆ ಮಾತಾಡಿದವರು.
ಅವರ ಹಳೇ ರಿಮೋಟಿನಲ್ಲಿ ಬದುಕಿ ಉಳಿದದ್ದು ಒಂದೇ ಗುಂಡಿ:
ಸದ್ದು ಇಳಿಸುವುದು.
ಎಂಟು ತಿಂಗಳಿಂದ ಫುಟ್‌ಬಾಲ್ ಮೂಕಾಭಿನಯ.
"ಕೆಲಸ ಮಾಡುತ್ತದೋ ಅಂತ ದಿನಾ ಒತ್ತಿ ನೋಡುತ್ತೇನೆ," ಎಂದರು.

ಮೊಬೈಲಿನ ಕ್ಯಾಮೆರಾ ಎದುರು ಒತ್ತಿಸಿದೆ.
ಬರಿಗಣ್ಣಿಗೆ ಏನಿಲ್ಲ. ಪರದೆಯ ಮೇಲೆ
ನೇರಳೆ ಹಣ್ಣು ತಿಂದ ನಾಲಿಗೆಯಂತೆ
ತುದಿಯಲ್ಲೊಂದು ಬಣ್ಣ.
"ಜೀವ ಇದೆ," ಎಂದೆ.

ಬೆಳಕು ಹಿಡಿಯುವ ಪುಟ್ಟ ಬಿಡಿಭಾಗ,
ಅದರ ಬಾಲ ಲ್ಯಾಪ್‌ಟಾಪಿನ ಮೈಕಿನ ತೂತಿಗೆ.
ಪರದೆಯ ಮೇಲೆ ಬೇಲಿ ಎದ್ದಿತು:
ಮೊದಲೊಂದು ದಪ್ಪ ಗೂಟ,
ಆಮೇಲೆ ಸಣ್ಣವು, ಸಾಲು ಸಾಲು.
ಬೌದೀಲಿಯೊ ಕನ್ನಡಕ ಏರಿಸಿ
ತೊಡೆಯ ಮೇಲೆ ಬೆರಳಲ್ಲಿ ಬಡಿಯುತ್ತ ಓದಿದರು.
ಚುಕ್ಕೆ. ಚುಕ್ಕೆ. ಚುಕ್ಕೆ. ಚುಕ್ಕೆ.
"ಇವನಿಗೆ ಒಂದೇ ಅಕ್ಷರ ಬರುವುದು," ಎಂದು ಕೈಬಿಟ್ಟರು.

ಕಾಫಿ ಆಯಿತು. ಮೀನುಮಾರಾಟದ ಗಾಡಿ ಕೂಗಿ ಹೋಯಿತು.
ಆಮೇಲೆ ಅವರೇ, ಗೂಟ ಬಿಟ್ಟು
ಸಂದಿಗಳ ಮೇಲೆ ಉಗುರಿಟ್ಟು:
"ಇಲ್ನೋಡು ಮಗಳೇ, ಬೆಳಕೆಲ್ಲ ಒಂದೇ ಅಳತೆ.
ಮಾತಿರುವುದು ಕತ್ತಲೆಯ ಉದ್ದದಲ್ಲಿ.
ಗಿಡ್ಡ ಕತ್ತಲೆ ಸೊನ್ನೆ. ನೀಳ ಕತ್ತಲೆ ಒಂದು.
ಮೂವತ್ತು ವರ್ಷ ನಾನು
ತಪ್ಪು ಕಡೆ ನೋಡುವ ಅಭ್ಯಾಸ ಮಾಡಿಕೊಂಡೆ."

ಬರೆದುಕೊಂಡೆವು. ಮೊದಲು ವಿಳಾಸ, ಬೆನ್ನಿಗೇ ಅದರ ತಿರುವುಮುರುವು;
ಆಮೇಲೆ ಅಪ್ಪಣೆ, ಅದಕ್ಕೂ ಅದರ ಉಲ್ಟಾ.
ಇಪ್ಪತ್ತೊಂದು ಅಂದವನು
ಇನ್ನೂರ ಮೂವತ್ತನಾಲ್ಕನ್ನೂ ಅಂದು ತೋರಿಸಬೇಕು,
ಇಲ್ಲವಾದರೆ ಟೀವಿ ನಂಬುವುದಿಲ್ಲ.
"ನನ್ನ ಕ್ಯಾಪ್ಟನ್ನೂ ಹೀಗೇ," ಎಂದರು ಮುದುಕ.

ಹೊಸ ರಿಮೋಟಿನ ಬ್ಯಾಟರಿ ತೆಗೆದರೆ ಹೊಟ್ಟೆಯಲ್ಲಿ ಆರು ತೂತು;
ಅಲ್ಲಿಂದ ತಂತಿ ಇಳಿಸಿ
ಒಂದೊಂದೇ ಅಪ್ಪಣೆ ತುರುಕಿ ನೋಡಿದೆ.
ಇಳಿಸುವುದರ ಪಕ್ಕದಲ್ಲೇ ಏರಿಸುವುದು ಇರಬೇಕಲ್ಲ. ಇರಲಿಲ್ಲ.
ಐವತ್ತೆರಡಕ್ಕೆ ಅಕ್ಷರಗಳೆಲ್ಲ ಕೊರಿಯನ್ ಆದವು.
ಎಪ್ಪತ್ತಕ್ಕೆ ಆಟಗಾರರ ಮುಖ ಹಸಿರು.
ತೊಂಬತ್ತಕ್ಕೆ ಟೀವಿ ಮಲಗಿತು, ಎಬ್ಬಿಸಿದೆವು.
ನೂರಾ ನಾಲ್ಕಕ್ಕೆ
ಒಂದು ಗೀರು ಹಸಿರು ಪಟ್ಟಿ ಬಲಕ್ಕೆ ಸರಿಯಿತು,
ದೂರದಿಂದೆಂಬಂತೆ
ಜನಸಾಗರದ ಗುಜುಗುಜು.

ಬೌದೀಲಿಯೊ ಒತ್ತಿದರು. ಮತ್ತೆ ಒತ್ತಿದರು.
ಒತ್ತಿ ಹಿಡಿದೇ ಬಿಟ್ಟರು.

ಬಾಗಿಲು ದಬದಬ. ಎಂಟನೇ ಕೋಣೆಯ ನೇಲಿಡಾ,
ರಾತ್ರಿಪಾಳಿಯ ನರ್ಸು, ಅರೆನಿದ್ದೆಯಲ್ಲಿ, ಕೈಯಲ್ಲಿ ಚಪ್ಪಲಿ.
ಅವಳ ಟೀವಿಯೂ ಕಿರುಚುತ್ತಿತ್ತು.
ಎರಡೂ ಕೋಣೆಗೆ ನಡುವೆ ಹಲಗೆಗೋಡೆ,
ಮೇಲೆ ಗಾಜಿನ ಕಿಟಕಿ.
ಒಂದೇ ಕಂಪನಿ, ಒಂದೇ ವಿಳಾಸ.
ಅವಳ ನಾಲ್ಕಂಕಿ ಬೆಳಿಗ್ಗೆ ನಾನೇ ಹಾಕಿದ್ದೆ.
ಅದನ್ನೇ ಇಲ್ಲಿ ಹಾಕಿದ್ದರೆ ಎರಡು ನಿಮಿಷದ ಕೆಲಸ.
ಯಾರಿಗೂ ಹೇಳಲಿಲ್ಲ, ಬಿಲ್ಲಿಗೂ.

ನೇಲಿಡಾ ಹಳೇ ರಿಮೋಟನ್ನು ನೋಡಿದಳು.
ಉಳಿದ ಆ ಒಂದು ಗುಂಡಿಯನ್ನು ನೋಡಿದಳು.
"ಎಂಟು ತಿಂಗಳಿಂದ," ಎಂದಳು,
"ನಾನು ಏರಿಸಿದಷ್ಟೂ ಅದು ಇಳಿಯುತ್ತಿತ್ತು.
ಎರಡು ಸಲ ಕಿವಿ ಪರೀಕ್ಷೆ ಮಾಡಿಸಿಕೊಂಡೆ."