ಸಭೆಯಲ್ಲಿ ತೂಗಿದ್ದು

ಇಪ್ಪತ್ತಾರು ವರ್ಷ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ತೂಕಕ್ಕೆ ನಿಂತವನು ನಾನು,
ಮುಳ್ಳಿನ ಕಾಲದಿಂದ ಮಿಣುಕುವ ಅಂಕಿಯ ಕಾಲದ ತನಕ.
ತೂಕ ನಿಲ್ಲುವವರೆಗೆ ಬಾಯಿ ಬಿಡದವನು.
ಅದಕ್ಕೇ ಇರಬೇಕು, ಆ ಭಾನುವಾರ
ನಗರಸಭೆಯ ಹಾಲಿನಲ್ಲಿ ಚರ್ಚೆ ಇಟ್ಟಾಗ
ಯಾರು ಏನಂದರು ಬರೆದುಕೊಳ್ಳಲು
ನನ್ನನ್ನೇ ಕೂರಿಸಿದರು.

ವಿಷಯ:
ದುಡಿಯಲಿ ಬಿಡಲಿ, ಇದ್ದವನಿರಲಿ ಇಲ್ಲದವನಿರಲಿ,
ತಲೆಗಿಷ್ಟು ಅಂತ ಸರ್ಕಾರ ತಿಂಗಳು ತಿಂಗಳು
ದುಡ್ಡು ಕೊಡಬೇಕೋ ಬೇಡವೋ.

ಮೊದಲು ಎದ್ದವರು ಸಾದಿಕ್ ಸಾಬರು,
ಹನ್ನೆರಡು ಬೇಸಿನ್ನಿನ ಯಜಮಾನರು.
'ಈಗಲೇ ಆಳು ಸಿಗಲ್ಲ. ಕೂತಲ್ಲಿಗೇ ದುಡ್ಡು ಬಂದರೆ
ಗೂಡು ಬೇಯಿಸೋರು ಯಾರು, ನೂಲು ಎತ್ತೋರು ಯಾರು?
ನಾನೇ ಹೋಗಿ ಕೂರಬೇಕಾ?'
ಜನ ನಕ್ಕರು. ಅವರು ನಗಲಿಲ್ಲ.
ಅವರಪ್ಪ ಕೂರುತ್ತಿದ್ದರು ಒಂದು ಕಾಲಕ್ಕೆ,
ಅಂಗೈ ತೋರಿಸಿದ್ದರು ನನಗೊಮ್ಮೆ.
ಅದನ್ನು ಬರೆದುಕೊಳ್ಳಲಿಲ್ಲ.

ಅರ್ಥಶಾಸ್ತ್ರದ ಮೇಷ್ಟ್ರು ಪಿಳ್ಳಪ್ಪ
ಎರಡು ಹಾಳೆ ತಂದಿದ್ದರು.
ಒಂದರ ಪ್ರಕಾರ ಧಾರಾಳವಾಗಿ ಕೊಡಬಹುದು,
ಇನ್ನೊಂದರ ಪ್ರಕಾರ ಮೂರೇ ವರ್ಷಕ್ಕೆ ಖಜಾನೆ ಖಾಲಿ.
ಫ್ಯಾನಿನ ಗಾಳಿಗೆ ಹಾರಿ ಎರಡೂ ಕಲೆತುಹೋದವು,
ಯಾವುದು ಯಾವುದೆಂದು ಅವರಿಗೂ ಸ್ವಲ್ಪ ಹೊತ್ತು ತಿಳಿಯಲಿಲ್ಲ.

ಆಗ ಮೇಲೂರಿನ ಬ್ಯಾಟರಾಯಪ್ಪ, ಹುಳು ಸಾಕುವವನು,
ಟವೆಲ್ಲು ಕೊಡವಿ ಎದ್ದ:
'ಹುಳಕ್ಕೆ ನಾವು ಸೊಪ್ಪು ಹಾಕ್ತೀವಿ ಸ್ವಾಮಿ,
ಹಗಲೂ ರಾತ್ರಿ. ಮೊದಲು ಕೆಲಸ ಮಾಡು
ಆಮೇಲೆ ತಿನ್ನು ಅಂದಿದ್ದುಂಟಾ ಯಾರಾದರೂ?
ಜ್ವರಕ್ಕೆ ಕೂತರೆ ಸುಮ್ಮನೆ ಕಾಯ್ತೀವಿ,
ಸೋಮಾರಿ ಅಂತ ಬೈಯಲ್ಲ.
ನಾಲ್ಕು ಜ್ವರ ಕಳೆದು, ಹಣ್ಣಾಗಿ, ಚಂದ್ರಿಕೆ ಹತ್ತಿ
ತಾನೇ ನೂಲುತ್ತೆ.
ಹೊಟ್ಟೆ ತುಂಬಿದ್ದಕ್ಕೇ ನೂಲುತ್ತೆ.'

ಚಪ್ಪಾಳೆಯೋ ಚಪ್ಪಾಳೆ.
ಪೆನ್ನು ಕೈಯಲ್ಲೇ ಇಟ್ಟುಕೊಂಡು ನಾನೂ ತಟ್ಟಿದೆ.
ತೂಕದ ಮಾತು ಅನ್ನಿಸಿತು.

'ನೂಲಿದ ಮೇಲೆ ಏನಾಗುತ್ತೆ ಅದಕ್ಕೆ,
ಅದನ್ನೂ ಹೇಳಣ್ಣ' ಅಂತ ಬಾಗಿಲ ಕಡೆಯಿಂದ ಬಂತು.
ನಗೀನಾ. ಸಭೆಗೆ ಅವಳನ್ನು ಕರೆದಿರಲಿಲ್ಲ,
ಟೀ ಲೋಟ ತೊಳೆಯಲು ಬಂದಿದ್ದಳು.
ಉಳಿದ ಆರು ದಿನ ಸಾಬರ ಬೇಸಿನ್ನಿನ ಮುಂದೆ ಕೂರುವವಳು.
'ನಾನು ದಿನಾ ನೋಡ್ತೀನಿ ಬಿಸಿನೀರಲ್ಲಿ.'

ಬ್ಯಾಟರಾಯಪ್ಪ ಟವೆಲ್ಲು ಮಡಚಿದ, ಮತ್ತೆ ಬಿಚ್ಚಿದ.

ಮೇಷ್ಟ್ರು ಕೇಳಿದರು, ಕ್ಲಾಸಿನಲ್ಲಿ ಕೇಳುವ ಹಾಗೆ:
'ನಿನಗೆ ತಿಂಗಳಿಗೆ ಮೂರು ಸಾವಿರ ಬಂತು ಅಂತಿಟ್ಟುಕೋ ತಾಯಿ.
ಕೆಲಸ ಬಿಡ್ತೀಯಾ?'

'ಯಾಕೆ ಬಿಡ್ಲಿ?
ಗೂಡಿನ ತುದಿ ಎಳೆ ನನ್ನ ಬೆರಳಿಗೆ ತಟ್ಟನೆ ಸಿಕ್ತದೆ,
ಬೇರೆಯೋರು ಹತ್ತು ಸಲ ತಡಕಬೇಕು.
ಬೆರಳ ಸಂದಿ ಒಡೆದು ರಕ್ತ ಬಂದ ದಿನ ಮಾತ್ರ
ಇವತ್ತು ಬರಲ್ಲ ಅಂತೀನಿ.
ಸಾಬರು ಬೈದರೆ ಬೈಸಿಕೊಳ್ತೀನಿ,
ಮನೇಲಿ ಕೂತು.'

ಸಾಬರು ಛಾವಣಿ ನೋಡಿದರು.
ತಿಂಗಳಿಗೆ ಅಂಥ ದಿನ ಎಷ್ಟು ಅಂತ
ಅವರು ಕೇಳಲಿಲ್ಲ, ನಾವೂ ಯಾರೂ ಕೇಳಲಿಲ್ಲ.

ಕೊನೆಗೊಂದು ಮನವಿ ತಯಾರಾಯಿತು:
ಎಲ್ಲರಿಗೂ ಕೊಡತಕ್ಕದ್ದು.
ಒಪ್ಪಿದವರು ಸಹಿ, ಸಹಿ ಬಾರದವರು ಹೆಬ್ಬೆಟ್ಟು,
ಒಪ್ಪದವರು ಟೀ ಕುಡಿದು ಹೋಗಬಹುದು.

ನಗೀನಾ ಸೆರಗಿಗೆ ಕೈ ಒರೆಸಿಕೊಂಡು ಬಂದು ಒತ್ತಿದಳು.
ನೀಲಿಯ ಒಂದು ಬೊಟ್ಟು.
ಗೆರೆಯಿಲ್ಲ, ಸುಳಿಯಿಲ್ಲ.
ಹದಿನೆಂಟು ವರ್ಷದ ನೀರು
ಒಂದೊಂದೇ ಎಳೆ ಬಿಚ್ಚಿಕೊಂಡು ಹೋಗಿದೆ.

'ರೇಷನ್ ಅಂಗಡಿ ಮಿಷನ್ನೂ ನಂಬಲ್ಲ ನನ್ನ.
ಎಲ್ಲರಿಗೂ ಅಂದ್ರಲ್ಲಣ್ಣ,
ಆ ದುಡ್ಡಿಗೂ ಇದೇ ಬೆರಳು ಇಡಬೇಕಾ?'

ಉತ್ತರ ನನ್ನ ಪುಸ್ತಕದಲ್ಲಿ ಇರಲಿಲ್ಲ.
ಬೊಟ್ಟಿನ ಪಕ್ಕ ಅವಳ ಹೆಸರು ದುಂಡಗೆ ಬರೆದೆ.
ಉದ್ಯೋಗ ಅಂತ ಒಂದು ಕಾಲಂ ಇತ್ತು, ಕೇಳಿದೆ.

'ಇವತ್ತಾ? ಇವತ್ತು ಲೋಟ' ಅಂದಳು,
ಇನ್ನೂ ಇಪ್ಪತ್ತು ಉಳಿದಿವೆ ಅಂತ ಹೋದಳು.