ಉಪ್ಪು ಕಮ್ಮಿಯದು

ಕುತೈಸಿಯ ಹಳೇ ಮಾರ್ಕೆಟ್ಟಿನಲ್ಲಿ
ಚೀಸಿನ ಸಾಲು ಶುರುವಾಗುವಲ್ಲಿ
ನೆಲ ಸ್ವಲ್ಪ ಜಾರುತ್ತದೆ.
ಹಾಲೊಡೆದ ನೀರು, ಉಪ್ಪುನೀರು,
ಯಾರೋ ಚೆಲ್ಲಿದ ಹುಳಿ ಪ್ಲಮ್ಮಿನ ರಸ.
ಗೊತ್ತಿದ್ದವರು ಅಲ್ಲಿ ಹೆಜ್ಜೆ ಚಿಕ್ಕದು ಮಾಡುತ್ತಾರೆ.

ಒತಾರ್ ಮಾಡಲಿಲ್ಲ.
ಕಂಬ ಹಿಡಿದು ನಿಂತುಕೊಂಡ.
ಕೈಚೀಲದೊಳಗಿನ ಖಾಲಿ ಬಾಟಲಿಗಳು
ಒಂದಕ್ಕೊಂದು ತಾಗಿ ಚಾಡಿ ಹೇಳಿದವು.

"ಬಾಟಲಿ ತಂದ್ಯಾ?" ಅಂದಳು ನಾಜಿಬ್ರೋಲಾ,
ಮುಖ ನೋಡದೆ, ಚೀಲದ ಗುರುತು ಹಿಡಿದು,
ನೀಲಿ ಮೆಂತ್ಯದ ಪುಡಿ ತೂಗುತ್ತ.
"ಏಳು ಬರಬೇಕು."
"ಆರಿದೆ."
"ಲಮಾರಾ ಏಳು ಒಯ್ದಿದ್ದಳು."

ಆ ಹೆಸರನ್ನು ಹಾಗೆ, ಲೆಕ್ಕದ ನಡುವೆ,
ದನಿ ತಗ್ಗಿಸದೆ ಯಾರಾದರೂ ಹೇಳಿ
ನಲವತ್ತು ದಿನದ ಮೇಲಾಗಿತ್ತು.

ಅವನಿಗೆ ಚೀಸು ಬೇಕಿತ್ತು.
ಯಾವುದು ಅಂತ ಗೊತ್ತಿರಲಿಲ್ಲ.
ಮೂವತ್ತೆಂಟು ವರ್ಷ ತಿಂದದ್ದು
ತಟ್ಟೆಯಲ್ಲಿ ಬಿಳಿ ಹೋಳಾಗಿ ಇರುತ್ತಿತ್ತು, ಅಷ್ಟೇ.
ಇಲ್ಲಿ ನೋಡಿದರೆ ಬಿಳಿಯೇ ಹನ್ನೆರಡು ಥರ:
ಹೊಗೆ ಕುಡಿದದ್ದು, ಜಡೆ ಹಾಕಿಕೊಂಡದ್ದು,
ಬುಟ್ಟಿಯ ಹೆಣಿಗೆ ಬೆನ್ನ ಮೇಲೆ ಹಚ್ಚೆಯಾದದ್ದು,
ಇನ್ನೂ ಹಾಲಿನ ನೆನಪಿಗೆ ನಡುಗುವಂಥದ್ದು.

ಗುಗುಲಿ ಚಾಕುವಿನ ತುದಿಯಲ್ಲಿ ಒಂದು ಚೂರು ಚಾಚಿದ.
ಪಕ್ಕದವಳು ಇನ್ನೊಂದು.
ತಿಂದ. ಎರಡಕ್ಕೂ ತಲೆಯಾಡಿಸಿದ.
ನಾಲಗೆ ಸಾಕ್ಷಿ ಹೇಳಲಿಲ್ಲ.

"ಅವನಿಗೆ ಅದಲ್ಲ!"
ಮೂರು ಕಟ್ಟೆ ಆಚೆಯಿಂದ, ಇಡೀ ಸಾಲಿಗೆ ಕೇಳುವಂತೆ,
ನಾಜಿಬ್ರೋಲಾ:
"ಅವರ ಮನೆಗೆ ಉಪ್ಪು ಕಮ್ಮಿಯದು.
ಎರಡು ದಿನದ್ದು. ಗಟ್ಟಿ ಕೊಡಬೇಡ,
ಬಲಗಡೆ ದವಡೆಹಲ್ಲು ಇಲ್ಲ ಅವನಿಗೆ."

ಸಾಲಿಗೆ ಸಾಲೇ ನಕ್ಕಿತು.
ಅವನ ನಾಲಗೆ ತಾನಾಗಿ
ಆ ಖಾಲಿ ಜಾಗಕ್ಕೆ ಹೋಗಿ ಬಂತು.

ಹಾಗಾದರೆ ಇಷ್ಟು ವರ್ಷ, ಶನಿವಾರ ಶನಿವಾರ,
ಈ ಗದ್ದಲದಲ್ಲಿ
ತನ್ನ ರಕ್ತದೊತ್ತಡ, ಹಲ್ಲು,
ಬೀನ್ಸು ಕಂಡರೆ ಮುಖ ಸಿಂಡರಿಸುವ ಚಾಳಿ
ಎಲ್ಲ ಚಿಲ್ಲರೆ ಕಾಸಿನ ಜೊತೆ
ಕೈಯಿಂದ ಕೈಗೆ ದಾಟಿತ್ತು.
ಒಮ್ಮೆಯೂ ಕಾಲಿಡದ ಜಾಗದಲ್ಲಿ
ತಾನು ಹಳೇ ಗಿರಾಕಿ.

ಗುಗುಲಿ ಎರಡು ದಿನದ್ದನ್ನು ಕಾಗದದಲ್ಲಿ ಸುತ್ತಿದ.
ತೂಕದ ಮೇಲೆ ಒಂದು ಚೂರು ಹಾಕಿ
ಹಾಕಿಲ್ಲವೆಂಬಂತೆ ಆಚೆ ನೋಡಿದ.

"ಏಳನೆಯದು?" ಅಂದಳು ನಾಜಿಬ್ರೋಲಾ,
ಆರನ್ನೂ ಬೆಳಕಿಗೆ ಹಿಡಿದು ಪರೀಕ್ಷೆ ಮಾಡಿ.

ಏಳನೆಯದರಲ್ಲಿ, ಅಡುಗೆಮನೆಯ ಕಿಟಕಿಯಲ್ಲಿ,
ಲಮಾರಾ ಮುರಿದಿಟ್ಟ ಜೆರೇನಿಯಂ ಗೆಲ್ಲು
ಬೇರು ಬಿಡುತ್ತಿದೆ.
ಅದನ್ನವನು ಹೇಳಲಿಲ್ಲ.

"ಮುಂದಿನ ಶನಿವಾರ," ಅಂದ,
ಜಾರುವಲ್ಲಿ ಹೆಜ್ಜೆ ಚಿಕ್ಕದು ಮಾಡಿ.